ಒಂದೇ ಅಳತೆಯ ಫ್ಯೂಸು

ಟ್ರಾನ್ಸ್‌ಫಾರ್ಮರ್ ಕೆಳಗೆ ನೇತಾಡುವ ತಗಡಿನ ಪೆಟ್ಟಿಗೆಯ ಬಾಗಿಲು ತೆಗೆದವರಿಗೆ ಮಾತ್ರ ಗೊತ್ತು, ಒಳಗೆ ಎಂಥ ಹೇಸಿಗೆ ಇರುತ್ತದೆ ಅಂತ. ಕಡೂರಿನಿಂದ ಅಜ್ಜಂಪುರದವರೆಗೆ ಅಂಥ ಪೆಟ್ಟಿಗೆಗಳನ್ನು ಎಷ್ಟು ತೆಗೆದು ನೋಡಿದ್ದೇನೋ ನನಗೇ ನೆನಪಿಲ್ಲ. ಒಂದರಲ್ಲಿ ಸುಟ್ಟು ಕರಕಲಾಗಿ ಅಂಟಿಕೊಂಡ ಹಲ್ಲಿ. ಇನ್ನೊಂದರಲ್ಲಿ ಯಾರೋ ಪುಣ್ಯಾತ್ಮ ಎಲೆಅಡಿಕೆ ಉಗಿದ ಕಲೆ. ಮೂರು ಫೇಸಿಗೆ ಮೂರು ಪಿಂಗಾಣಿ ಫ್ಯೂಸು ಇರಬೇಕಲ್ಲ, ಒಂದು ಅರ್ಧ ಒಡೆದಿರುತ್ತದೆ, ಒಂದಕ್ಕೆ ಸೈಕಲ್ ಟ್ಯೂಬು ಸುತ್ತಿರುತ್ತದೆ, ಮೂರನೆಯದರ ಜಾಗದಲ್ಲಿ ಬೇಲಿ ತಂತಿಯ ತುಂಡು. ಥೂ! ಆ ಪೆಟ್ಟಿಗೆಯ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿ ಉಣ್ಣುವವರಿದ್ದಾರೆ. ನನಗೆ ಅಲ್ಲಿ ಗುಟುಕು ನೀರೂ ಇಳಿಯುವುದಿಲ್ಲ.

ಇದನ್ನೆಲ್ಲ ನೋಡಬೇಕಾಗಿ ಬಂದದ್ದು ನನ್ನ ಕಸುಬಿನಿಂದ. ಡಿಪ್ಲೊಮಾ ಮುಗಿಸಿ ಕಡೂರಿನ ಹೊರಗಿನ ಒಂದು ಶೆಡ್ಡಿಗೆ ಕೆಲಸಕ್ಕೆ ಸೇರಿದೆ. ಬ್ಯಾಕಲೈಟ್ ಪುಡಿಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ಸ್ವಿಚ್ಚು, ಹೋಲ್ಡರು, ಪ್ಲಗ್ಗು ಮಾಡುವ ಶೆಡ್ಡು. ಅಚ್ಚುಗಳ ಡ್ರಾಯಿಂಗ್ ನನ್ನದು. ಆ ಪುಡಿಯ ಹಾಳು ವಾಸನೆ ಕೂದಲಿಗೆ ಹತ್ತಿದರೆ ಸೀಗೆಕಾಯಿಗೂ ಬಗ್ಗುವುದಿಲ್ಲ. ಮದುವೆಮನೆಯಲ್ಲಿ ಪಕ್ಕದಲ್ಲಿ ಕೂತ ಹೆಂಗಸರು ನನ್ನ ಕಡೆ ಒಂದು ಸಲ ನೋಡಿ, ಸೆರಗು ಮೂಗಿಗೆ ಹಿಡಿದು ಸರಿದು ಕೂತದ್ದೂ ಉಂಟು.

ನನ್ನ ಸೋದರಮಾವ, ಅಂದರೆ ಅಮ್ಮನ ಕೊನೆಯ ತಮ್ಮ, ಅಜ್ಜಂಪುರದ ಕಡೆ ಲೈನ್‌ಮನ್. ಅಪ್ಪ ಇಲ್ಲದ ನನ್ನನ್ನು ಓದಿಸಿದವನು ಅವನೇ. ಮಳೆಗಾಲದಲ್ಲಿ ಒದ್ದೆ ಕೈಯಲ್ಲಿ ಪಿಂಗಾಣಿ ಫ್ಯೂಸು ಎಳೆಯಲು ಹೋಗಿ, ಅದು ಹಿಡಿಯೊಳಗೇ ಒಡೆದು, ಅಂಗೈ ಸೀಳಿಕೊಂಡು ಮನೆಗೆ ಬರುತ್ತಿದ್ದ. ಅರಿಶಿನ ಮೆತ್ತಿ ಬಟ್ಟೆ ಕಟ್ಟುತ್ತಿದ್ದವಳು ನಾನು. ಆ ಕೈ ಒಂದು ದಿನ ಪೂರ್ತಿ ಹೋಗಿಬಿಡುತ್ತದೆ ಅನ್ನುವ ಭಯ ನನಗೆ ಲಂಗ ಹಾಕುವ ವಯಸ್ಸಿನಿಂದಲೂ ಇತ್ತು. ಹೊಸ ಮಾದರಿಯ ಫ್ಯೂಸು ಮಾಡೋಣ ಅಂತ ಶೆಡ್ಡಿನ ಯಜಮಾನರು ಅಂದ ದಿನ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ: ಮಾವನ ಕೈ ಉಳಿಯಬೇಕು.

ಯಜಮಾನರ ತಲೆಯಲ್ಲಿ ಇದ್ದದ್ದು ಬೇರೆ. ತರೀಕೆರೆಯ ಅಂಗಡಿಯವರು ಅವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಪಿಂಗಾಣಿ ಗೋಣಿಚೀಲದಲ್ಲಿ ಬರುತ್ತದೆ, ಬಸ್ಸಿನ ಮೇಲಿಂದ ಇಳಿಸುವಷ್ಟರಲ್ಲಿ ಕಾಲುಭಾಗ ಚೂರು. ಉಳಿದದ್ದು ಒಂದೊಂದು ಒಂದೊಂದು ಅಳತೆ. ಹಲಗೆಯ ಮೇಲೆ ಒಂದರ ಮೇಲೊಂದು ಇಟ್ಟರೆ ನಿಲ್ಲುವುದಿಲ್ಲ, ಬೇಕಾದ್ದು ಕೈಗೆ ಸಿಗುವುದಿಲ್ಲ.

"ನೋಡಮ್ಮ, ಇಟ್ಟಿಗೆ ಪೇರಿಸ್ದಂಗೆ ಪೇರಿಸ್ಬೇಕು. ಅಂಗಡಿಯೋನು ಕಣ್ಮುಚ್ಕಂಡು ಕೈ ಹಾಕಿದ್ರೂ ಅದೇ ಸಿಗ್ಬೇಕು" ಅಂದರು ಯಜಮಾನರು, ಕಡ್ಡಿಯಿಂದ ಹಲ್ಲು ಕೆದಕುತ್ತಾ. ಕೆದಕಿದ್ದನ್ನು ನನ್ನ ಡ್ರಾಯಿಂಗ್ ಹಾಳೆಯ ಅಂಚಿಗೇ ಒರೆಸಿದರು. ಆ ಹಾಳೆಯನ್ನು ನಾನು ಎರಡು ಬೆರಳಲ್ಲಿ ಎತ್ತಿ ಒಲೆಗೆ ಹಾಕಿ, ಹೊಸದು ತೆಗೆದುಕೊಂಡೆ.

ಆರು ತಿಂಗಳು ಅದರ ಮೇಲೆ ಕೂತೆ. ಫ್ಯೂಸಿನ ಬೆನ್ನಿಗೆ ಎರಡು ಏಣು, ಹೊಟ್ಟೆಗೆ ಅದು ಕೂರುವಂಥ ಎರಡು ತೋಡು. ಹತ್ತು ಪೇರಿಸಿ ಮೇಜು ಅಲ್ಲಾಡಿಸಿದರೂ ಬೀಳಬಾರದು. ಹಿಡಿ ಹೊರಗೆ ಚಾಚಿದರೆ ಪೇರಿಸಲು ಬರುವುದಿಲ್ಲ, ಆದ್ದರಿಂದ ಎರಡೂ ಪಕ್ಕದಲ್ಲಿ ಬೆರಳು ಕೂರುವ ತಗ್ಗು ಕೊಟ್ಟು, ತಗ್ಗಿನೊಳಗೆ ಜಾರದಂತೆ ಗೆರೆ ಹಾಕಿದೆ. ಮೊದಲ ಅಚ್ಚಿನವು ಒಂದಕ್ಕೊಂದು ಕಚ್ಚಿಕೊಂಡು ಬಿಡಿಸಲು ಬಾರದೆ, ಸುತ್ತಿಗೆಯಲ್ಲಿ ಒಡೆದು ಎಸೆದೆವು. ಕೊನೆಗೆ ಕೂದಲೆಳೆಯಷ್ಟು ಸಡಿಲ ಬಿಟ್ಟ ಮೇಲೆ ಸರಿಯಾಯಿತು. ಇನ್ನೊಂದು ಬುದ್ಧಿವಂತಿಕೆ ಪೂರ್ತಿ ನನ್ನದೇ. ತೋಟದ ಮೋಟರಿನ ಬೋರ್ಡಿಗೂ ಚಿಕ್ಕ ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆಗೂ ಬೇರೆ ಬೇರೆ ಯಾಕೆ, ಎಲ್ಲಕ್ಕೂ ಒಂದೇ ಅಳತೆ ಇರಲಿ ಅಂದೆ. ಯಜಮಾನರು ಮೊದಲನೇ ಸಲ ನನ್ನನ್ನು "ಮೇಡಂ" ಅಂದರು. ಆ ಮಾತಿಗೆ ಉಬ್ಬಿ ಹೋದೆನಲ್ಲ, ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಒಂದು ಭಾನುವಾರ ಮಾವ ಶೆಡ್ಡಿಗೆ ಬಂದ. ಬಕೀಟಿನಲ್ಲಿ ಕೈ ಅದ್ದಿ, ನೀರು ತೊಟ್ಟಿಕ್ಕುವ ಕೈಯಲ್ಲೇ, ಕರೆಂಟಿಲ್ಲದ ಬೋರ್ಡಿನಿಂದ ಫ್ಯೂಸು ಎಳೆದ. ಹತ್ತು ಸಲ ಹಾಕಿದ, ಹತ್ತು ಸಲ ಎಳೆದ.

"ಜಾರಾದೇ ಇಲ್ವಲ್ಲೇ! ಬೆಣ್ಣೆಲಿ ಕೂದ್ಲು ತೆಗ್ದಂಗೆ ಬತ್ತದೆ ಕಣೇ."

"ಕೈ ಕುಯ್ಯಾದಿಲ್ವಲ್ಲ ಮಾವ?"

"ಎಲ್ಲಿಂದ ಕುಯ್ದಾತು. ನೀನು ಓದಿದ್ದು ಸಾರ್ಥಕ ಆಯ್ತು ಬಿಡು" ಅಂದು ನನ್ನ ತಲೆಯ ಮೇಲೆ ಆ ಒದ್ದೆ ಕೈ ಇಟ್ಟ. ಊರಿಗೆ ಹೋಗುವಾಗ ಒಂದನ್ನು ಕೇಳಿ ತೆಗೆದುಕೊಂಡು, ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ತೋರಿಸಿದನಂತೆ.

ಇಲ್ಲಿ ಲೈನ್‌ಮನ್‌ಗಳ ಒಂದು ಪದ್ಧತಿ ಹೇಳಬೇಕು. ಕಂಬ ಹತ್ತುವ ಮೊದಲು ಏನೇನು ಮಾಡಬೇಕು ಅಂತ ಪುಸ್ತಕದಲ್ಲಿ ದಂಡಿಯಾಗಿ ಬರೆದಿದ್ದಾರೆ. ನಾಲ್ಕು ಊರಿಗೆ ಒಬ್ಬನೇ ಓಡಾಡುವವನು ಮಾಡುವುದು ಒಂದೇ: ಪೆಟ್ಟಿಗೆಯಿಂದ ಮೂರೂ ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ಹತ್ತುವುದು. ಫ್ಯೂಸು ಜೇಬಿನಲ್ಲಿದ್ದರೆ ಜೀವವೂ ಜೇಬಿನಲ್ಲಿದ್ದ ಹಾಗೆ. ಪೆಟ್ಟಿಗೆ ಖಾಲಿ ಇದೆ ಅಂದರೆ ಕಂಬದ ಮೇಲೆ ಮನುಷ್ಯ ಇದ್ದಾನೆ ಅಂತ ಊರಿಗೆಲ್ಲ ಗೊತ್ತು, ಯಾರೂ ಕೈ ಹಾಕುವುದಿಲ್ಲ. ಹಾಕಿದರೂ ಹಳೆಯ ಪಿಂಗಾಣಿ ಒಂದರ ಬಾಯಿಗೆ ಇನ್ನೊಂದು ಕೂರುತ್ತಿರಲಿಲ್ಲ. ಬೇಲಿ ತಂತಿ ಸಿಕ್ಕಿಸಲು ಹೊತ್ತು ಬೇಕು, ಗುಂಡಿಗೆ ಬೇಕು. ಅಷ್ಟರಲ್ಲಿ ಮೇಲಿದ್ದವನು ಕೂಗಿ ಜನ್ಮ ಜಾಲಾಡುತ್ತಿದ್ದ. ನಾನು ಹೇಸಿ ಮುಖ ತಿರುಗಿಸಿದ ಆ ಒಡಕು ಪಿಂಗಾಣಿಯೇ ಮಾವನ ಜೀವಕ್ಕೆ ಬೀಗವಾಗಿತ್ತು ಅಂತ ಈ ಡಿಪ್ಲೊಮಾ ತಲೆಗೆ ಹೊಳೆಯಲೇ ಇಲ್ಲ.

ಫ್ಯೂಸು ಚೆನ್ನಾಗಿ ಖರ್ಚಾಯಿತು. ತರೀಕೆರೆಯ ಅಂಗಡಿಗಳಲ್ಲಿ ಗೋಡೆಗೆ ಗೋಡೆಯೇ ಪೇರಿಸಿಟ್ಟರು. ಪೆಟ್ಟಿಗೆ ರಿಪೇರಿ ಗುತ್ತಿಗೆ ಹಿಡಿದವರೂ ಅದನ್ನೇ ಹಾಕಿದರು. ಆಮೇಲೆ ಶುರುವಾಯಿತು ನೋಡಿ ನಮ್ಮ ಜನರ ಬುದ್ಧಿ. ಎಲ್ಲ ಕಡೆ ಕೂರುತ್ತದೆ ಅಂತ ಗೊತ್ತಾದದ್ದೇ ತಡ, ಒಬ್ಬನ ಫ್ಯೂಸು ಇನ್ನೊಬ್ಬ ಕಿತ್ತುಕೊಂಡು ಹೋಗತೊಡಗಿದ. ಮಾವನಿಗಿದ್ದ ಚೂರು ತೋಟದ ಮೋಟರಿನದೇ ಎರಡು ಸಲ ಹೋಯಿತು. ಛೀ, ಒಂದು ಫ್ಯೂಸಿಗೂ ಕೈ ಚಾಚುವ ದರಿದ್ರಗಳು! ಕದಿಯುವವರು ಇದ್ದಾರೆಂದು ಪ್ರತಿಯೊಬ್ಬನೂ ಮೋಟರ್ ಮನೆಯಲ್ಲಿ ಐದಾರು ಪೇರಿಸಿ ಇಟ್ಟುಕೊಂಡ. ಪೆಟ್ಟಿಗೆ ಖಾಲಿ ಅಂದರೆ ಕಂಬದ ಮೇಲೆ ಮನುಷ್ಯ ಅನ್ನುವ ಅರ್ಥ ಹೋಗಿ, ಯಾರೋ ಕದ್ದಿದ್ದಾರೆ ಅನ್ನುವ ಅರ್ಥ ಬಂತು.

ಆ ದಿನ ಶಿವನಿಯಿಂದಾಚೆ ಒಂದು ತೆಂಗಿನ ತೋಟದ ಲೈನಿನಲ್ಲಿ ತಂತಿ ಕಳಚಿತ್ತು. ಮಾವ ಮೂರೂ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು, ತೆಂಗಿನ ಮರಗಳ ಮರೆಯಲ್ಲಿದ್ದ ಮೂರನೇ ಕಂಬ ಹತ್ತಿದ. ತೋಟದವನು ಮೋಟರ್ ಹಾಕಲು ಬಂದ. ಮೋಟರ್ ತಿರುಗಲಿಲ್ಲ. ಪೆಟ್ಟಿಗೆ ತೆಗೆದು ನೋಡಿದರೆ ಖಾಲಿ. ಕದ್ದವರ ವಂಶಕ್ಕೆಲ್ಲ ಬೈಯುತ್ತಾ ಮೋಟರ್ ಮನೆಗೆ ಹೋಗಿ, ಪೇರಿಸಿಟ್ಟಿದ್ದರಿಂದ ಮೂರು ಫ್ಯೂಸು ತಂದು ಸಿಕ್ಕಿಸಿದ. ಅಷ್ಟೇ. ಕಂಬದ ಕಡೆಯಿಂದ ಕೂಗು ಕೇಳಿ ಮೂರನ್ನೂ ಮತ್ತೆ ಎಳೆದು ಹಾಕಿದ. ಅಷ್ಟರಲ್ಲಿ ಮಾವ ಬೆಲ್ಟಿಗೆ ತೂಗುತ್ತಿದ್ದ.

ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ. ಮಣಿಕಟ್ಟಿನಿಂದ ತೆಗೆದರು. ಆಸ್ಪತ್ರೆಯ ಹೆಂಗಸು ಅವನ ಅಂಗಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಕೈಗೆ ಕೊಟ್ಟಳು. ಸುಟ್ಟ ಮಾಂಸದ ವಾಸನೆ. ಜೇಬಿನಲ್ಲಿ ಮೂರೂ ಫ್ಯೂಸು ಒಂದರ ಮೇಲೊಂದು ಕಚ್ಚಿಕೊಂಡು ಅಚ್ಚುಕಟ್ಟಾಗಿ ಕೂತಿದ್ದವು. ಆ ಮೂರನ್ನೂ ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ.

ತೋಟದವನು ಆಸ್ಪತ್ರೆಗೆ ಎಳನೀರು ಹೊತ್ತು ತಂದ. ನಗುಮುಖದ ಮನುಷ್ಯ. "ದೇವ್ರು ದೊಡ್ಡೋನು ಕಣ್ತಾಯಿ. ಹೊಸಾ ಫ್ಯೂಸಾಗಿದ್ದಕ್ಕೆ ಒಂದೇ ಎಳ್ತಕ್ಕೆ ಬಂದ್ಬಿಡ್ತು. ಹಳೇದಾಗಿದ್ರೆ ನಿಮ್ಮಾವ ಹೋಗ್ಬಿಡೋನು" ಅಂದ. ಹಳೆಯದಾಗಿದ್ದರೆ ನಿನ್ನ ಕೈಲಿ ಹಾಕಲಿಕ್ಕೇ ಆಗುತ್ತಿರಲಿಲ್ಲವಲ್ಲೋ ಅಂತ ಕಿರುಚಬೇಕು ಅನ್ನಿಸಿತು. ಆದರೆ ಅವನು ಸುಳ್ಳು ಹೇಳಿರಲಿಲ್ಲ, ಅದೇ ನನಗೆ ತಡೆಯಲಾಗದ್ದು.

ಈ ಮಾತು ಶೆಡ್ಡಿಗೂ ಮುಟ್ಟಿ ಯಜಮಾನರು ಕುಣಿದರು. ಒಂದೇ ಎಳೆತಕ್ಕೆ ಬರುತ್ತದೆ ಅಂತ ರಟ್ಟಿನ ಡಬ್ಬದ ಮೇಲೆ ಅಚ್ಚು ಹಾಕಿಸೋಣ ಅಂದರು! ನಾನು ಹೊಸ ಡ್ರಾಯಿಂಗ್ ಒಯ್ದಿದ್ದೆ. ಫ್ಯೂಸು ಕಿತ್ತ ಜಾಗಕ್ಕೆ ಲೈನ್‌ಮನ್ ಹಾಕುವ ಕೆಂಪು ಬಿರಡೆ, ಅದಕ್ಕೆ ಬೀಗ ಹಾಕಲು ಒಂದು ಕಿವಿ. ಅದು ಇರುವ ತನಕ ಯಾರ ಫ್ಯೂಸೂ ಕೂರುವುದಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಗೊತ್ತು. ಆದರೂ ಇನ್ನೂ ಎಷ್ಟೋ ಕಂಬಗಳ ಮೇಲೆ ಎಷ್ಟೋ ಕೈಗಳಿವೆಯಲ್ಲ.

"ಕಿವಿ ಬಂದ್ರೆ ಪೇರ್ಸಕ್ಕಾಗಲ್ಲ ಮೇಡಂ. ಕಿವಿ ತೆಗೀರಿ, ನೋಡಣ."

"ಕಿವಿ ತೆಗೆದ್ರೆ ಬೀಗ ಎಲ್ಲಿಗೆ ಹಾಕ್ತೀರಿ ಸಾರ್, ನಿಮ್ಮ ಬಾಯಿಗಾ?" ಅಂದೆ. ಕೆಲಸ ಅಲ್ಲಿಗೆ ಮುಗಿಯಿತು. ಅಚ್ಚು ಅವರದು. ಪ್ರೆಸ್ಸು ಈಗಲೂ ಒತ್ತುತ್ತಲೇ ಇದೆ.

ಮೊನ್ನೆ ಅಜ್ಜಂಪುರಕ್ಕೆ ಹೋಗಿದ್ದೆ. ಊಟದ ಹೊತ್ತು. ಮಾವ ತಟ್ಟೆ ಹಿಡಿದು ಗೋಡೆಯ ಕಡೆ ತಿರುಗಿ ಕೂತ. ಎಡಗೈಯಲ್ಲಿ ಮುದ್ದೆ ಮುರಿಯುವುದನ್ನು ಯಾರೂ ನೋಡಬಾರದು ಅವನಿಗೆ. ಅಮ್ಮ ಚಮಚ ಕೊಟ್ಟರೆ ದೂಡಿದ.

"ಆ ಕಡೆ ತಿರೀಕಳೇ. ನೋಡಿದ್ರೆ ನಿಂಗೆ ಊಟ ಸೇರಲ್ಲ" ಅಂದ.

ನಾನು ನನ್ನ ತಟ್ಟೆ ಎತ್ತಿಕೊಂಡು ಹೋಗಿ ಅವನ ಪಕ್ಕದಲ್ಲೇ ಗೋಡೆ ನೋಡಿಕೊಂಡು ಕೂತೆ. ಕರೆಂಟ್ ಆಫೀಸಿನವರ ವಿಚಾರಣೆ ಏನಾಯಿತು ಅಂತ ಕೇಳಿದೆ.

"ಮುಗೀತು. ನಂದೇ ತಪ್ಪು ಅಂತ ಹೇಳ್ಬಿಟ್ಟೆ. ಎರಡೇ ಕಿತ್ತಿದ್ದೆ, ಮೂರ್ನೇದು ಮರ್ತೆ ಅಂದೆ."

"ಮೂರೂ ನಿನ್ ಜೇಬಲ್ಲೇ ಇದ್ವಲ್ಲ ಮಾವ! ನಾನೇ ನೋಡಿದೀನಿ."

"ಮೂರೂ ಕಿತ್ತಿದ್ದೆ ಅಂದ್ರೆ ನಾಕ್ನೇದು ಎಲ್ಲಿಂದ ಬಂತು ಅಂತಾರೆ. ಅಳತೆ ಹೆಂಗೆ ಸರಿಹೋಯ್ತು ಅಂತಾರೆ. ಮಾಡ್ದೋರು ಯಾರು ಅಂತ ಬತ್ತಾರೆ ಕಣೇ ಮಗಾ" ಅಂದ, ಸಾರು ಸೋರುವ ಎಡಗೈ ನೆಕ್ಕಿಕೊಳ್ಳುತ್ತಾ. "ನೀನು ಉಣ್ಣು."

ತೋಟದವನಿಗೆ ಹಾಲು ಕುಡಿದಷ್ಟು ಸಂತೋಷವಾಗಿದೆಯಂತೆ. ಯಜಮಾನರಿಗೂ ಆಗಿರುತ್ತದೆ. ಆ ಮೂರು ಫ್ಯೂಸು ಇನ್ನೂ ನನ್ನ ಬೀರುವಿನಲ್ಲಿವೆ. ತೆಗೆದುಕೊಂಡು ಹೋಗಿ ಆಫೀಸಿನ ಮೇಜಿನ ಮೇಲೆ ಇಟ್ಟು, ನನ್ನ ಮಾವ ಮರೆತಿರಲಿಲ್ಲ, ಇದನ್ನು ಮಾಡಿದವಳು ನಾನು ಅಂತ ಹೇಳಿದರೆ ಅವನ ಮೇಲಿನ ಕಳಂಕ ಹೋಗುತ್ತದೆ. ಅದು ನನಗೆ ಆವತ್ತೇ ಗೊತ್ತಿತ್ತು. ಆದರೂ ನಾನು ನನ್ನ ಬಲಗೈಯಲ್ಲಿ ಮುದ್ದೆ ಮುರಿದು ಉಂಡೆ.