ಬತ್ತೇರಿಯ ಮೇಲಿನ ಬೈರಾಸ್

ಗಂಜಿತಿಳಿ ಹಾಕಿ, ನೀಲಿಯಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿದ ಬಟ್ಟೆಗೆ ಅದರದ್ದೇ ಒಂದು ವಾಸನೆ ಉಂಟು. ಅಪ್ಪ ತೀರಿಕೊಂಡ ಮೇಲೆ ಬೋಳಾರದ ಬಾಡಿಗೆಮನೆ ಖಾಲಿ ಮಾಡುವಾಗ ಅವರ ಮರದ ಪೆಟ್ಟಿಗೆಯಿಂದ ಆ ವಾಸನೆ ಎದ್ದು ಬಂತು. ಅಡಿಯಲ್ಲಿ ಅವರ ಬಿಳಿ ಬೈರಾಸ್, ನಾಲ್ಕು ಮಡಿಕೆಯಾಗಿ. ಹೆಗಲ ಮೇಲಿನ ಒಂದು ತುಂಡು ಬಟ್ಟೆ ಮನೆಮಂದಿಯನ್ನೆಲ್ಲ ಎಷ್ಟು ಸತಾಯಿಸಬಹುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ನಿಮ್ಮ ಮನೆಯಲ್ಲೂ ಇಂಥದ್ದೇನಾದರೂ ಇದ್ದಿರಬೇಕು.

ಅಪ್ಪನ ಅಕ್ಕನನ್ನು ಬೆಂಗ್ರೆಗೆ ಕೊಟ್ಟಿತ್ತು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ಮಕ್ಕಳಾದ ನಮಗೆ ಅದು ದ್ವೀಪವೇ. ಮಳೆಗಾಲ ಮುಗಿದು ಬಂಗುಡೆ ಮೀನು ಬರತೊಡಗಿದ ಮೇಲೆ ವರ್ಷಕ್ಕೊಂದು ಭಾನುವಾರ ಅಲ್ಲಿಗೆ ನಮ್ಮ ಪ್ರಯಾಣ. ಬೋಳಾರದಿಂದ ಬಂದರಿನ ದೋಣಿಕಡವು ಹತ್ತಿರ. ಆದರೆ ಅಪ್ಪ ಅದನ್ನು ಬಿಟ್ಟು, ಅಮ್ಮನ ಕೈಯಲ್ಲಿ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಮೂಡೆಯ ಬುಟ್ಟಿ, ನನ್ನ ತಲೆಯ ಮೇಲೆ ಬಸಳೆಯ ಕಟ್ಟು ಹೊರಿಸಿ, ಸುಲ್ತಾನ್ ಬತ್ತೇರಿಯವರೆಗೆ ನಡೆಸುತ್ತಿದ್ದರು. ಟಿಪ್ಪುವಿನ ಕಾಲದ ಆ ಕಪ್ಪು ಕಲ್ಲಿನ ಕೋಟೆ ಹತ್ತಿ, ಹೆಗಲಿನ ಬೈರಾಸ್ ತೆಗೆದು ಬೆಂಗ್ರೆಯ ಕಡೆಗೆ ಬೀಸುವುದು. ಮದುವೆಯಾಗಿ ಹೋಗುವಾಗ ಅಕ್ಕ ಹೇಳಿದ್ದರಂತೆ, "ನೀನು ಬತ್ತೇರಿಯಿಂದ ಬೈರಾಸ್ ಬೀಸು, ನಾನು ದೋಣಿ ಕಳಿಸ್ತೇನೆ" ಎಂದು. ಅಷ್ಟೇ. ಕೆಳಗೇ ಕಡವಿನ ದೋಣಿ ಜನ ತುಂಬಿಸಿಕೊಂಡು ಹೋಗಿಬರುತ್ತಿತ್ತು. "ಅದರಲ್ಲಿ ಹತ್ತಿದರೆ ಎಂತ ಆಗ್ತದೆ ನಿಮಗೆ?" ಎಂದು ಅಮ್ಮ ಕೇಳಿದರೆ, "ಅಕ್ಕನ ಮನೆಗೆ ಸಂತೆಗೆ ಹೋದ ಹಾಗೆ ಹೋಗ್ಲಿಕ್ಕೆ ಆಗ್ತದಾ?" ಎನ್ನುತ್ತಿದ್ದರು. ಬರುವ ದಿನ ಮೊದಲೇ ಹೇಳಿ ಕಳಿಸಲಿಕ್ಕೂ ಒಪ್ಪುತ್ತಿರಲಿಲ್ಲ. ಬೈರಾಸ್ ಇರುವಾಗ ಹೇಳಿ ಕಳಿಸುವುದು ಯಾಕಂತೆ. ಹಿಂದಿನ ದಿನವೇ ಅದಕ್ಕೆ ಗಂಜಿ ಹಾಕಿಸುತ್ತಿದ್ದರು. ಬಿಳುಪು ಸಾಲದಿದ್ದರೆ ಅಮ್ಮ ಇನ್ನೊಮ್ಮೆ ಒಗೆಯಬೇಕು.

ಹಾಗೆಂದು ದೋಣಿ ಬಾರದೆ ಇರುತ್ತಿರಲಿಲ್ಲ. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕಳೆದು ಅತ್ತೆಯ ಮನೆಯ ದೋಣಿ ಈ ದಡಕ್ಕೆ ಬರುತ್ತಿತ್ತು. "ನೋಡಿದೆಯಾ ನನ್ನ ಅಕ್ಕನ ಕಣ್ಣು" ಎಂದು ಅಪ್ಪ ಅಮ್ಮನ ಕಡೆ ತಿರುಗಿ ಬೀಗುತ್ತಿದ್ದರು.

ನಾನು ಆರನೆಯ ಕ್ಲಾಸಿನಲ್ಲಿದ್ದ ವರ್ಷ ದೋಣಿ ಬರಲಿಲ್ಲ. ಹತ್ತು ಗಂಟೆಗೆ ಬೀಸಲು ತೊಡಗಿದವರು ಎರಡು ಗಂಟೆಯವರೆಗೂ ಬೀಸಿದರು. ಕಲ್ಲು ಕಾದು ಕಾಲು ಇಡಲಿಕ್ಕಾಗುತ್ತಿರಲಿಲ್ಲ, ಬಸಳೆ ಬಾಡಿ ಹಗ್ಗದಂತಾಗಿತ್ತು. "ಇನ್ನಾದರೂ ಕಡವಿನ ದೋಣಿ ಹತ್ತುವ ಮಾರಾಯ್ರೇ" ಎಂದು ಅಮ್ಮ ಅಂಗಲಾಚಿದಳು. ಅಪ್ಪ ಬೈರಾಸ್ ಮಡಚಿದರು. "ಅಕ್ಕನಿಗೆ ನಾವು ಬೇಡ ಅಂತ ಕಾಣ್ತದೆ" ಎಂದರು. ಅತ್ತೆಗೆಂದು ಮಾಡಿದ ಮೂಡೆಯನ್ನು ನಾವೇ ಅಲ್ಲಿ ಕೂತು ತಿಂದು ವಾಪಸು ಬಂದೆವು. ಮತ್ತೆ ಅವರು ಬೆಂಗ್ರೆಗೆ ಹೋಗಲಿಲ್ಲ. ಮದುವೆಮನೆಗಳಲ್ಲಿ ಅಕ್ಕ ತಮ್ಮ ಎದುರಾದರೆ ಮೀನಿನ ವಿಷಯ, ಮಂಡಿನೋವಿನ ವಿಷಯ ಮಾತಾಡುತ್ತಿದ್ದರು. ದೋಣಿಯ ವಿಷಯ ಇವರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೋದ ತಿಂಗಳು ಆ ಬೈರಾಸನ್ನು ಚೀಲಕ್ಕೆ ಹಾಕಿಕೊಂಡು, ಮಗಳನ್ನು ಕರೆದುಕೊಂಡು ಬತ್ತೇರಿಗೆ ಹೋದೆ. ಮೇಲೆ ಹತ್ತಿ ಒಂದು ಗಳಿಗೆ ನಿಂತು, ಕೆಳಗಿಳಿದು ಕಡವಿನ ದೋಣಿಯಲ್ಲಿ ಕೂತೆ. ಹತ್ತೇ ನಿಮಿಷ. ಇಷ್ಟಕ್ಕೇ ಅಪ್ಪ ಇಷ್ಟು ವರ್ಷ ಹಟ ಹಿಡಿದರಲ್ಲ ಎಂದು ಅವರ ಮೇಲೆ ಸಿಟ್ಟು ಬಂತು. ಹೊಳೆಕರೆಯ ಮನೆಯ ಜಗಲಿಯಲ್ಲಿದ್ದ ಅತ್ತೆ ನನ್ನ ಮುಖ ಮುಟ್ಟಿ ನೋಡಿ ಗುರುತು ಹಿಡಿದರು. ಬೈರಾಸನ್ನು ಅವರ ಮಡಿಲಲ್ಲಿಟ್ಟು ಕೇಳಿಯೇ ಬಿಟ್ಟೆ, "ಆ ವರ್ಷ ದೋಣಿ ಯಾಕೆ ಕಳಿಸಲಿಲ್ಲ ಅತ್ತೆ?"

"ಯಾವ ವರ್ಷ?" ಎಂದರು. ನಾನು ಎಲ್ಲ ಹೇಳಿದೆ. ಅತ್ತೆ ಬೈರಾಸಿನ ಅಂಚು ಸವರಿದರು. "ನನಗೆ ಆಗಲೇ ದೂರದ್ದು ಕಾಣ್ತಿರಲಿಲ್ಲ ಮಗಾ. ಕಡವಿನ ಹಸನಬ್ಬ ಬಂದು, 'ನಿಮ್ಮ ತಮ್ಮ ಬತ್ತೇರಿ ಮೇಲೆ ಬಟ್ಟೆ ಒಣಗಿಸ್ತಾ ಇದ್ದಾರೆ' ಅಂತ ತಮಾಷೆ ಮಾಡ್ತಿದ್ದ. ಆಗ ದೋಣಿ ಕಳಿಸ್ತಿದ್ದೆ. ಆ ವರ್ಷ ಅವನು ಜ್ವರ ಬಂದು ಮಲಗಿದ್ದ, ಬೇರೆ ಯಾರೋ ಹುಟ್ಟು ಹಾಕ್ತಿದ್ದರು. ನಾನು ಭಾನುವಾರ ಭಾನುವಾರ ಬಂಗುಡೆ ಪುಳಿಮುಂಚಿ ಮಾಡಿ ಕಾದೆ. ತಮ್ಮ ಪೇಟೆಯವನಾದ, ಇನ್ನೆಲ್ಲಿ ಬರ್ತಾನೆ ಅಂತ ಎಣಿಸಿದೆ."

"ಕಣ್ಣು ಕಾಣುವುದಿಲ್ಲ ಅಂತ ಅಪ್ಪನಿಗೆ ಹೇಳಬಾರದಿತ್ತಾ?"

"ಹೇಗೆ ಹೇಳುವುದು? ಅಕ್ಕನ ಕಣ್ಣು ಅಂದರೆ ಕಣ್ಣು ಅಂತ ಪ್ರತಿ ಸರ್ತಿ ಅಷ್ಟು ಖುಷಿಪಡ್ತಿದ್ದ."

ಇಬ್ಬರಿಗೂ ಬೈಯಬೇಕು ಅನ್ನಿಸಿತು. ಒಬ್ಬರು ಮಣ್ಣಾಗಿದ್ದರು, ಇನ್ನೊಬ್ಬರು ಒಣಮೀನಿನ ಪೊಟ್ಟಣ ಕಟ್ಟುತ್ತಿದ್ದರು, ಯಾರಿಗೆ ಬೈಯಲಿ?

ಹೊರಡುವಾಗ ಅತ್ತೆ ಕಡವಿನವರೆಗೂ ಬಂದರು. ದೋಣಿ ಬಿಟ್ಟ ಮೇಲೆ ತಿರುಗಿ ನೋಡಿದರೆ, ಬೈರಾಸನ್ನು ಎತ್ತಿ ಬೀಸುತ್ತಿದ್ದಾರೆ, ದೋಣಿ ಇರುವ ಕಡೆಗಲ್ಲ, ಅದರಿಂದ ಸ್ವಲ್ಪ ಆಚೆ, ಬತ್ತೇರಿಯ ಕಡೆಗೆ. ನಾನೂ ಎದ್ದು ನಿಂತು ಕೈ ಬೀಸಿದೆ.

"ಕೂತ್ಕೊಳ್ಳಮ್ಮ, ದೋಣಿ ಅಲ್ಲಾಡ್ತದೆ. ಅಜ್ಜಿಗೆ ನೀನು ಕಾಣುವುದಿಲ್ಲ" ಎಂದು ಮಗಳು ರೇಗಿದಳು.

ಗೊತ್ತು ಎಂದೆ. ಈ ದಡ ಮುಟ್ಟುವವರೆಗೂ ನಾನು ಕೂರಲಿಲ್ಲ.