ಲಕ್ಷ್ಮಕ್ಕನ ತಟ್ಟೆ, ಶಿವಣ್ಣನ ಮಿಲ್ಲು

ಮಿಲ್ಲು ಬಿದ್ದ ದಿನ ನಿಜವಾಗಿ ಏನಾಯಿತೆಂದು ನಾನು ಆಣೆ ಮಾಡಿ ಹೇಳಲಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನಾನು ನೆಲದ ನಡುಕವನ್ನು ವಿಶ್ವವಿದ್ಯಾಲಯದಲ್ಲಿ ಓದಿದವನು. ನೀವು ಸುಮ್ಮನೆ ನಂಬಿಬಿಡುವ ಅಪಾಯವಿದೆ.

ಇದೆಲ್ಲ ನೆನಪಾದದ್ದು ಒಂದು ತಟ್ಟೆಯಿಂದ. ಮಧುಗಿರಿಯ ನಮ್ಮ ಮನೆಯ ಮೇಲಿನ ಮಹಡಿಗೆ ಹೊಸದಾಗಿ ಬಂದವರು ತಾರಸಿಯಲ್ಲಿ ಹಪ್ಪಳ ಒಣಹಾಕುತ್ತಾರೆ. ಬೆಟ್ಟದ ಕೋತಿಗಳಿಗೆ ಆ ಸುದ್ದಿ ಬೇಗ ಮುಟ್ಟುತ್ತದೆ. ಮೊನ್ನೆ ಮಧ್ಯಾಹ್ನ ಕೋತಿ ಓಡಿಸಲು ಆ ಮನೆಯಾಕೆ ತಟ್ಟೆ ಬಡಿದರು. ನಾನು ಕಾಫಿ ಲೋಟ ಕೆಳಗಿಟ್ಟು, ಎರಡೂ ಕಿವಿಗೆ ಬೆರಳಿಟ್ಟುಕೊಂಡು, ಕಣ್ಣು ಮುಚ್ಚಿ ಕೂತೆ. ಹೆಂಡತಿ ನೋಡಿ, "ಕೋತಿಗಳೇ ವಾಸಿ, ಓಡಿಹೋದವು," ಎಂದಳು.

ಪುರವರದ ಹತ್ತಿರದ ನಮ್ಮೂರಿನಲ್ಲಿ ಬೆಳೆದವರು ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಊರ ಪಕ್ಕದ ಬಂಡೆಯಲ್ಲಿ ರಂಗಪ್ಪಣ್ಣ ಮನೆ ಕಟ್ಟುವ ಸೈಜುಗಲ್ಲು ತೆಗೆಯುತ್ತಿದ್ದ. ಮಧ್ಯಾಹ್ನ ಕಲ್ಲು ಸಿಡಿಸಲು ಮದ್ದು ಹಾರಿಸುವ ಮೊದಲು ಅವನ ಹೆಂಡತಿ ಲಕ್ಷ್ಮಕ್ಕ ಬಂಡೆಯ ಮೇಲೆ ನಿಂತು, ಒಂದು ಹಳೆಯ ಅಲ್ಯುಮಿನಿಯಂ ತಟ್ಟೆಗೆ ಕಲ್ಲಿನಿಂದ ಬಡಿಯುತ್ತಿದ್ದಳು. ಊರು ಕಿವಿ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಢಂ. ತಟ್ಟೆ, ಬೆರಳು, ಢಂ. ಊಟವಾದ ಮೇಲೆ ಎಲೆ ಅಡಿಕೆ ಇದ್ದಂತೆ ಅದು. ಒಂದು ದಿನ ತಪ್ಪಿದರೆ ಮುದುಕರಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಆಗ ನಾನು ಕಂಪನಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ದೂರದೇಶದ ಭೂಕಂಪಗಳನ್ನು ಹಿಡಿಯುವ ಆಸೆಯಿಂದ, ನಮ್ಮೂರ ಶಾಲೆಯ ಹಿಂದಿನ ಪಾಳು ಕೊಠಡಿಯಲ್ಲಿ, ಗಟ್ಟಿ ಬಂಡೆಯ ಮೇಲೆ ಒಂದು ಕಂಪನಮಾಪಕ ಇಟ್ಟಿದ್ದೆ. ಅದು ಹಗಲೂ ರಾತ್ರಿ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಭೂಕಂಪಗಳು ಅಪರೂಪಕ್ಕೆ ಸಿಕ್ಕವು. ಕೊರಟಗೆರೆ ಬಸ್ಸು, ಟ್ರ್ಯಾಕ್ಟರು, ಮಧ್ಯಾಹ್ನದ ಊಟಕ್ಕೆ ಓಡುವ ಶಾಲೆಮಕ್ಕಳು ಮಾತ್ರ ತಪ್ಪದೆ ಸಿಕ್ಕರು. ಎಲ್ಲಕ್ಕಿಂತ ನಿಯತ್ತಾಗಿ ಸಿಕ್ಕವನು ರಂಗಪ್ಪಣ್ಣ. ಅವನ ಮದ್ದಿನ ಗೆರೆಯನ್ನು ನಾನು ಸ್ವಂತ ಸಹಿಗಿಂತ ಚೆನ್ನಾಗಿ ಗುರುತಿಸುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಶಿವಣ್ಣನ ಕಡಲೆಕಾಯಿ ಮಿಲ್ಲು ಬಿತ್ತು. ಹಳೆಯ ಮಣ್ಣಿನ ಗೋಡೆ, ಮೇಲೆ ಭಾರದ ಹೆಂಚು. ಮಿಲ್ಲು ಓಡಿ ವರ್ಷಗಳಾಗಿದ್ದವು. ಒಳಗೆ ಯಾರೂ ಇರಲಿಲ್ಲ. ಆದರೆ ಊರೆಲ್ಲ ಒಂದೇ ಮಾತು: ಮೊದಲು ಢಂ ಅಂತು, ಆಮೇಲೆ ಮಿಲ್ಲು ಬಿತ್ತು. ರಂಗಪ್ಪ ಮದ್ದು ಜಾಸ್ತಿ ತುಂಬಿದ್ದಾನೆ.

ಶಿವಣ್ಣ ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿಸಿದ. ರಂಗಪ್ಪ ಇನ್ನು ಬಂಡೆ ಮುಟ್ಟಬಾರದು ಅಂದ. ನಾನು ಕಾಗದದ ಸುರುಳಿ ಹೊತ್ತು ಹೋದೆ. ಮದ್ದಿನ ಗೆರೆ ಕೆನ್ನೆಗೆ ಬಿದ್ದ ಏಟಿನಂತೆ, ಆರಂಭದಲ್ಲೇ ಚೂಪು, ಬೇಗ ಮುಗಿಯುತ್ತದೆ. ಕಟ್ಟಡ ಬೀಳುವುದು ಕಡಲೆಕಾಯಿ ಮೂಟೆ ಸುರಿದಂತೆ: ಮೊದಲು ನಾಕು ಕಾಯಿ ಉದುರಿ, ಆಮೇಲೆ ಒಟ್ಟಿಗೆ ಸುರಿದು, ಕಡೆಗೆ ಒಂದೊಂದೇ ಉರುಳುತ್ತವೆ. ಆ ದಿನದ ಕಾಗದದಲ್ಲಿ ಮೂಟೆ ಇತ್ತು, ಏಟು ಇರಲಿಲ್ಲ. ಇಷ್ಟನ್ನು ವಿವರಿಸಿದೆ.

ಶಿವಣ್ಣ ಗಮನವಿಟ್ಟು ಕೇಳಿ, "ನಿನ್ ಮಿಷಿನ್‌ಗೆ ಕಿವಿ ಐತೇನ್ಲಾ?" ಎಂದ.

"ಇಲ್ಲಣ್ಣ, ಅದು ನೆಲದ ಅಲುಗಾಟ ಮಾತ್ರ..."

"ಕಿವೀನೇ ಇಲ್ದಿದ್ದು ಸದ್ದಾಗ್ಲಿಲ್ಲ ಅಂತ ಹೆಂಗ್ ಹೇಳ್ತದ್ಲಾ? ಇಡೀ ಊರ್ಗೆ ಕಿವಿ ಐತೆ."

ಕಟ್ಟೆ ನಕ್ಕಿತು. ಮಿಲ್ಲು ಬಿದ್ದಾಗ ಆ ಕಿವಿಗಳಲ್ಲೆಲ್ಲ ಬೆರಳುಗಳಿದ್ದವು ಎಂದು ಯಾರಿಗೂ ಹೊಳೆಯಲಿಲ್ಲ, ನನಗೂ. ರಂಗಪ್ಪಣ್ಣ ಬಂಡೆ ಬಿಟ್ಟು ಪಾವಗಡದ ಕಡೆಗೆ ಕಲ್ಲುಕೂಲಿಗೆ ಹೋದ. ವಯಸ್ಸಾದ ಮೇಲೆ ಊರಿಗೆ ವಾಪಸು ಬಂದ. ಹೆಸರು ಮಾತ್ರ ಊರಲ್ಲೇ ಉಳಿದಿತ್ತು: ಮಿಲ್ ಬೀಳ್ಸಿದ್ ರಂಗ.

ತಟ್ಟೆಯ ಸದ್ದು ಕೇಳಿದ ಮಾರನೆಯ ದಿನ ಊರಿಗೆ ಹೋದೆ. ರಂಗಪ್ಪಣ್ಣ ಜಗುಲಿಯಲ್ಲಿ ಕೂತಿದ್ದ.

"ಬಂದ್ಯೇನಪ್ಪ. ಮೊಮ್ಮಗಳ್ನ ನೋಡೋಕೆ ಗಂಡಿನ್ ಕಡೆಯೋರು ಬಂದಿದ್ರು. ಯಾರ್ ಮನೆ ಅಂತ ಕೇಳಿದ್ರೆ, ಮಿಲ್ ಬೀಳ್ಸಿದ್ನಲ್ಲ ಆ ರಂಗನ್ ಮನೆ ಅಂತ ದಾರಿ ತೋರ್ಸಿದ್ರಂತೆ. ಈ ಹೆಸ್ರು ನನ್ ಜೊತೇಗೇ ಮಣ್ಣಾಗ್ಲಿ ಅಂದ್ಕಂಡಿದ್ದೆ. ಅದು ನೋಡುದ್ರೆ ಮೊಮ್ಮಗಳ್ನೂ ಹಿಡ್ಕಂಬುಡ್ತು."

ಒಳಗಿಂದ ಲಕ್ಷ್ಮಕ್ಕ ಬಂದಳು. "ಅವತ್ತು ಮದ್ದೇ ಹಾರಿಸ್ಲಿಲ್ಲ ಕಣಪ್ಪ. ನಾನು ತಟ್ಟೆ ಬಡಿದ್ನಾ? ಅಷ್ಟೊತ್ಗೆ ಯಾರ್ದೋ ಮೇಕೆ ಬಂಡೆ ಹತ್ಬುಟ್ವು. ತಡೀರಿ ಅಂತ ಕೂಗ್ದೆ. ಮೇಕೆ ಅಟ್ಟಾಕ್ ಹೋದ್ರೆ, ಆ ಕಡೆ ಮಿಲ್ಲು ದಬಾರ್ ಅಂತು."

"ಆಗ್ಲೇ ಇದನ್ನ ಯಾಕೆ ಹೇಳ್ಲಿಲ್ಲ, ಅಕ್ಕ?"

"ಹೇಳ್ದೆ. ಗಂಡನ್ ಪರ ಹೆಂಡ್ತಿ ಹೇಳ್ದೆ ಇನ್ಯಾರ್ ಹೇಳ್ತಾರೆ ಅಂದ್ರು. ಈಗ ನೀನೇ ಹೇಳು, ಮದ್ದು ಹಾರ್ಲಿಲ್ಲ ತಾನೆ?"

ಕಾಗದದ ಮಾತು ಸರಿ, ಹಾರಿರಲಿಲ್ಲ. ಆದರೆ ಕಷ್ಟ ಏನೆಂದರೆ, ಓದುಗ ಮಿತ್ರರೇ, ಆ ಢಂ ನನಗೂ ನೆನಪಿದೆ. ಶಾಲೆಯ ಗೇಟಿನ ಬಳಿ ನಿಂತಿದ್ದೆ. ಕಿವಿಯಲ್ಲಿ ಬೆರಳಿತ್ತು. ಎದೆಗೆ ಗುದ್ದಿದಂತೆ ಸದ್ದು, ಆಮೇಲೆ ಮಿಲ್ಲಿನ ಕಡೆಯಿಂದ ಎದ್ದ ಕೆಂಪು ಧೂಳು. ನೆನಪಿನ ಮೇಲೆ ನಂಬಿಕೆಯಿಲ್ಲ ಎಂದು ಎಲ್ಲ ಕಡೆ ಹೇಳಿಕೊಂಡು ತಿರುಗುವ ನಾನು, ಈ ಒಂದು ನೆನಪನ್ನು ಮಾತ್ರ ಮನೆದೇವರಂತೆ ಇಟ್ಟುಕೊಂಡಿದ್ದೆ. "ನೋಡ್ತೀನಿ ಅಕ್ಕ," ಎಂದು ಎದ್ದೆ. ಓದಿದವರು ಜಾರಿಕೊಳ್ಳುವುದು ಹೀಗೇ.

ಮನೆಗೆ ಬಂದು ಟ್ರಂಕಿನಿಂದ ಸುರುಳಿ ತೆಗೆದೆ. ಗೆರೆ ಬದಲಾಗಿರಲಿಲ್ಲ. ಅಂಚಿನಲ್ಲಿದ್ದ ತಾರೀಕು ಎಲ್ಲೋ ಪರಿಚಿತ ಅನಿಸಿತು. ಯೋಚಿಸಿ ಯೋಚಿಸಿ, ಚಿಕ್ಕಮ್ಮನ ಮಗಳು ಗಿರಿಜಾಗೆ ಫೋನ್ ಮಾಡಿದೆ.

"ನನ್ ಮದುವೆ ದಿನ ಕಣಣ್ಣ ಅದು! ಹುಲಿಕುಂಟೆಲಿ. ಮಧ್ಯಾಹ್ನದ ಪಂಕ್ತಿಲಿ ನಮ್ ಮಾವನ್ ಪಂಚೆ ಮೇಲೆ ಸಾರು ಸುರಿದ್ಯಲ್ಲ, ಮರೆತ್ಯಾ?"

ಮರೆತಿದ್ದೆ. ಆಗಿದ್ದನ್ನು ಮರೆತು, ಆಗದ್ದನ್ನು ಧೂಳಿನ ಸಮೇತ ನೆನಪಿಟ್ಟುಕೊಂಡಿದ್ದೆ.

ತಕ್ಷಣ ರಂಗಪ್ಪಣ್ಣನಿಗೆ ಫೋನ್ ಮಾಡಿದೆ. ಅವನು ಕಟ್ಟೆಯಲ್ಲೇ ಇದ್ದ. "ತಡಿ, ಎಲ್ರುಗೂ ಕೇಳಂಗೆ ಮಡಗ್ತೀನಿ," ಎಂದು ಸ್ಪೀಕರ್ ಹಾಕಿದ. ನಾನು ಎಲ್ಲರಿಗೂ ಹೇಳಿದೆ: ಆ ಮದ್ದು ನನಗೂ ಕೇಳಿಸಿತ್ತು, ಆದರೆ ಆ ಹೊತ್ತಿನಲ್ಲಿ ನಾನು ದೂರದ ಹುಲಿಕುಂಟೆಯಲ್ಲಿ ಸಾರು ಬಡಿಸುತ್ತಿದ್ದೆ.

"ಅಲ್ಲೀಗಂಟ ಕೇಳುಸ್ತಾ ನನ್ ಮದ್ದು!" ರಂಗಪ್ಪಣ್ಣ ನಕ್ಕ. ಕಟ್ಟೆಯೂ ನಕ್ಕಿತು. ಈ ಸಲ ನಗು ನನ್ನ ಮೇಲೆ, ಅವನ ಮೇಲಲ್ಲ. ನಗು ನಿಂತ ಮೇಲೆ ಶಿವಣ್ಣನ ಮುದಿ ದನಿ ಬಂತು:

"ಹಂಗಾರೆ ನಾವೆಲ್ಲ ಕೇಳಿದ್ದೇನ್ಲಾ?"

ಫೋನಿನಿಂದ ಸ್ವಲ್ಪ ದೂರದಲ್ಲಿದ್ದ ಲಕ್ಷ್ಮಕ್ಕ ಹೇಳಿದಳು: "ನನ್ ತಟ್ಟೆ ಕಣಣ್ಣ. ಢಂ ಅನ್ನೋದ ನೀವೇ ಸೇರುಸ್ಕಂಡ್ರಿ."

ಆಮೇಲೆ ಶಿವಣ್ಣ, "ಗಂಡಿನ್ ಕಡೆಯೋರು ಇನ್ನೊಂದ್ ದಪ ಬಂದ್ರೆ ನನ್ ಮನೆ ಮುಂದಿಂದ್ಲೇ ಕರ್ಕಂಬಾ ರಂಗ, ನಾನೇ ಮಾತಾಡ್ತೀನಿ," ಎಂದ. ಅವನು ಹಾಗೆಂದನೆಂದೇ ನನ್ನ ನೆನಪು.

ಇವತ್ತು ಮಧ್ಯಾಹ್ನ ಮೇಲಿನ ಮನೆಯಾಕೆ ಮತ್ತೆ ತಟ್ಟೆ ಬಡಿದರು. ಕೈ ಕಿವಿಯ ಹತ್ತಿರ ಹೋಯಿತು, ಅಲ್ಲೇ ನಿಂತಿತು. ತಟ್ಟೆ ಆದ ಮೇಲೆ ಏನೂ ಆಗಲಿಲ್ಲ. ಒಂದು ಕೋತಿ ಹಪ್ಪಳ ಹಿಡಿದು ಗೋಡೆ ಹಾರಿತು, ಅಷ್ಟೆ. ಅಷ್ಟರಲ್ಲಿ ಗಿರಿಜಾ ಫೋಟೊ ಕಳಿಸಿದಳು; ಅವಳ ಬಾಯಿಮಾತನ್ನು ನಂಬಲಾರದೆ ನಾನೇ ಕೇಳಿದ್ದೆ. ಊಟದ ಸಾಲು, ಸಾರಿನ ಬಕೆಟ್ಟು, ಅದನ್ನು ಹಿಡಿದ ನಾನು. ಮೂಲೆಯಲ್ಲಿ ಕ್ಯಾಮೆರಾ ಒತ್ತಿದ ತಾರೀಕನ್ನು ಸುರುಳಿಯ ಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ.