ಹುಳದ ಮನೆಯ ಅಂಗೈ ಗುರುತು

ಸುನಂದಮ್ಮ ಯಾರ ಮನೆಗೆ ಹೋದರೂ ಈಗ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಗೋಡೆಯ ಮೇಲ್ತುದಿಯನ್ನು. ಅಲ್ಲಿ ಗಾಳಿಕಿಂಡಿ ತೆರೆದಿದ್ದರೆ ಕೂತು ಕಾಫಿ ಕುಡಿಯುತ್ತಾಳೆ. ಮುಚ್ಚಿದ್ದರೆ ಬಾಗಿಲಲ್ಲೇ ನಿಂತು ಎರಡು ಮಾತಾಡಿ ಹೊರಟುಬಿಡುತ್ತಾಳೆ. "ಏನಮ್ಮಾ, ನಮ್ಮನೆ ಗೋಡೆಗೆ ಸಂಬಂಧ ನೋಡೋಕೆ ಬಂದಿದ್ದೀಯಾ?" ಎಂದು ಹೆಂಗಸರು ಗೇಲಿ ಮಾಡುತ್ತಾರೆ. ಮೊದಲಾಗಿದ್ದರೆ ಒಂದಕ್ಕೆ ಎರಡು ಕೊಡುತ್ತಿದ್ದಳು. ಹತ್ತು ತಿಂಗಳಿಂದ ಆ ಬಾಯಿ ಸತ್ತುಹೋಗಿದೆ.

ತಾಯಲೂರಿನ ಸುತ್ತಮುತ್ತ 'ಒಲೆ ಸುನಂದಮ್ಮ' ಎಂದರೆ ಗೊತ್ತಿಲ್ಲದವರು ಯಾರು? ಹುಟ್ಟಿದ್ದು ಯಲ್ದೂರಿನಲ್ಲಿ. ಅವಳ ತಾಯಿ ಹಸಿ ಮಾವಿನ ಸೌದೆಗೆ ಊದುಕೊಳವೆ ಊದಿ ಊದಿ, ಐವತ್ತು ತುಂಬುವುದರೊಳಗೆ ಮಗಳ ಮುಖವನ್ನು ಕೈಯಿಂದ ತಡವಿ ಗುರುತಿಸುವ ಸ್ಥಿತಿಗೆ ಬಂದಿದ್ದಳು. ಡಾಕ್ಟರು ಏನೇನೋ ಕಾರಣ ಹೇಳಿದರು. ಸುನಂದ ನಂಬಿದ್ದು ಒಂದನ್ನೇ: ಹೊಗೆ. ಮದುವೆಯಾಗಿ ಈ ಕಡೆಗೆ ಬಂದ ಮೇಲೆ ಗಂಡ ಕದಿರೇಶ ನಂಗಲಿಯ ಹೆದ್ದಾರಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡ. ಇವಳು ಹೆಂಗಸರ ಸಂಘ ಸೇರಿ, ಹೊಗೆಯಿಲ್ಲದ ಒಲೆ ಕಟ್ಟುವುದನ್ನು ಕಲಿತಳು. ಒಂಬತ್ತು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಒಲೆ. ಆಮೇಲೆ ಹಳೇ ಬಲ್ಬು ತೆಗೆಸಿ ಎಲ್‌ಇಡಿ ಹಾಕಿಸುವುದು, ಸೂರಿನ ಮೇಲೆ ಸೋಲಾರ್ ಕೂರಿಸುವುದು, ಶಾಖ ಪೋಲಾಗುವ ಸಂದುಗೊಂದು ಮುಚ್ಚಿಸುವುದು. ಹಗಲು ಹೊತ್ತಲ್ಲಿ ದೀಪ ಉರಿಯುತ್ತಿದ್ದ ಮನೆಯವರಿಗೆ ಬೀದಿಯಿಂದಲೇ "ಏನ್ಲಾ, ಸೂರ್ಯನಿಗೆ ದಾರಿ ತೋರಿಸ್ತಿದ್ದೀರಾ?" ಎಂದು ಕೂಗುವಷ್ಟು ಸಲಿಗೆ ಅವಳಿಗಿತ್ತು.

ಆ ಸಂದು ಮುಚ್ಚಿಸುವ ಕೆಲಸವೇ ಅವಳ ಕೊರಳಿಗೆ ಬಿತ್ತು.

ಹೋದ ವರ್ಷ ಪುಷ್ಯದ ಚಳಿ. ಊರಿನ ರೇಷ್ಮೆ ಬೆಳೆಗಾರ ಗಂಗುಲಪ್ಪನ ಹೆಂಡತಿ ಮುನಿಯಲ್ಲಮ್ಮ, ಸುನಂದ ಬಾಯ್ತುಂಬ ಅಕ್ಕಾ ಎನ್ನುತ್ತಿದ್ದವಳು, ಇವಳನ್ನು ಹುಳದ ಮನೆಗೆ ಕರೆದುಕೊಂಡು ಹೋದಳು. ರೇಷ್ಮೆ ಹುಳಕ್ಕೆ ಚಳಿ ಆಗದು. ಅದಕ್ಕೆ ಒಳಗೆ ಕುಂಪಟಿ ಇಡುತ್ತಾರೆ, ಕೆಂಡ ತುಂಬಿದ ಕಬ್ಬಿಣದ ಒಲೆ. ಎಷ್ಟು ಇದ್ದಿಲು ಸುರಿದರೂ ರೂಮು ಬೆಚ್ಚಗಾಗುತ್ತಿರಲಿಲ್ಲ. ಸುನಂದ ತಲೆಯೆತ್ತಿ ನೋಡಿದಳು. ಎದುರುಬದುರು ಗೋಡೆಯಲ್ಲಿ ಎರಡು ಕಿಂಡಿ.

"ಅಕ್ಕಾ, ಶಾಖ ಎಲ್ಲಾ ಅಲ್ಲೇ ಹೋಗ್ತೈತೆ. ನೀನೇನ್ ಆಕಾಶಕ್ಕೆ ಚಳಿ ಕಾಯಿಸ್ತಿದ್ದೀಯಾ? ಮಣ್ಣು ಕಲಸು, ಮುಚ್ಚೋಣ."

ಮುನಿಯಲ್ಲಮ್ಮ ಮಣ್ಣಿಗೆ ಸಗಣಿ ಸೇರಿಸಿ ಕಲಸಿಕೊಟ್ಟಳು, ಸ್ಟೂಲು ಅಲ್ಲಾಡದಂತೆ ಹಿಡಿದು ನಿಂತಳು. ಮೇಲೆ ಹತ್ತಿ ಮಣ್ಣು ಮೆತ್ತಿದವಳು ಸುನಂದ. ಬಾಗಿಲ ಕಡೆಯ ಕಿಂಡಿಗೆ ಕೊನೆಯ ಮುದ್ದೆ ಹಾಕಿ, ಬಲಗೈ ಅಂಗೈಯನ್ನು ಊರಿ ಒತ್ತಿದಳು. ಮಣ್ಣಿನಲ್ಲಿ ಐದು ಬೆರಳೂ ಮೂಡಿದವು. ಕುಂಪಟಿಯ ಕೆಂಡ ನಿಗಿನಿಗಿ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ರೂಮು ಹೆತ್ತವಳ ಮಡಿಲಿನ ಹಾಗೆ ಬೆಚ್ಚಗಾಯಿತು. ಮುನಿಯಲ್ಲಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, ಸಂತೋಷಕ್ಕೆ ಅವಳ ಬಾಯಿಗೆ ಬರುತ್ತಿದ್ದ ತೆಲುಗಿನಲ್ಲಿ ಹೇಳಿದಳು: "ಪೊಗ ಲೇದು, ಚಲಿ ಲೇದು!" ಹೊಗೆಯೂ ಇಲ್ಲ, ಚಳಿಯೂ ಇಲ್ಲ.

ಮೂರು ದಿನಕ್ಕೆ ಹುಳಕ್ಕೆ ಜ್ವರ ಬಂತು. ಜ್ವರ ಎಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಹುಳ ಸೊಪ್ಪು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ನಿಲ್ಲುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಆಗ ಮನೆಯ ಹೆಂಗಸೊಬ್ಬಳೇ ಹುಳದ ಜೊತೆ ಮಲಗುವುದು ಆ ಮನೆಯ ಪದ್ಧತಿ. ಬೆಳಿಗ್ಗೆ ಹಾಲು ಕರೆದು ಬಂದ ಗಂಗುಲಪ್ಪ ಬಾಗಿಲು ನೂಕಿದಾಗ, ಸಾವಿರಾರು ಹುಳ ತಲೆಯೆತ್ತಿ ನಿಂತಿದ್ದವು. ಮುನಿಯಲ್ಲಮ್ಮ ಮಾತ್ರ ಏಳಲಿಲ್ಲ.

ಹೃದಯ ನಿಂತಿದೆ ಎಂದರು. ಹೊಗೆಯ ಅನುಮಾನ ಯಾರಿಗೂ ಬರಲಿಲ್ಲ, ಯಾಕೆಂದರೆ ಹುಳ ಬದುಕಿತ್ತು. ಹುಳ ಎಷ್ಟು ಸೂಕ್ಷ್ಮ ಅಂದರೆ ಬೀಡಿ ಸೇದಿದವನು ಒಳಗೆ ಬಂದರೂ ಸಾಯುತ್ತದೆ ಎನ್ನುವ ಜನ. ಗಾಳಿ ಕೆಟ್ಟಿದ್ದರೆ ಮೊದಲು ಹೋಗಬೇಕಾದದ್ದು ಹುಳ ತಾನೇ? ಹೆಣಕ್ಕೆ ನೀರು ಹಾಕುವಾಗ ಸುನಂದಳೂ ಇದ್ದಳು. ತುಟಿ, ಅಂಗೈ, ಉಗುರು, ಎಲ್ಲಾ ಗೋರಂಟಿ ಹಾಕಿದ ಹಾಗೆ ಕೆಂಪಗಿದ್ದವು. "ಮುತ್ತೈದೆ ಸಾವು, ಮುಖದಲ್ಲಿ ಏನ್ ಕಳೆ ನೋಡು" ಎಂದು ಹೆಂಗಸರು ಕೈಮುಗಿದರು. ಸುನಂದಳೂ ಮುಗಿದಳು. ಆ ಸಲ ಗೂಡು ಎಂದೂ ಇಲ್ಲದಷ್ಟು ಚೆನ್ನಾಗಿ ಬಂತು. ಅದನ್ನು ನೋಡಿ ಇನ್ನೂ ಆರು ಮನೆಯವರು ಸುನಂದಳಿಂದ ಹುಳದ ಮನೆಯ ಕಿಂಡಿ ಮುಚ್ಚಿಸಿಕೊಂಡರು.

ಶಿವರಾತ್ರಿ ಕಳೆದ ಮೇಲೆ ಕೋಲಾರದಲ್ಲಿ ಒಲೆ ಕಟ್ಟುವವರಿಗೆ ಒಂದು ತರಬೇತಿ ನಡೆಯಿತು. ಪಾಠ ಮಾಡಿದ ಮೇಡಂ ಹೇಳಿದರು: "ಮುಚ್ಚಿದ ರೂಮಲ್ಲಿ ಇದ್ದಿಲು ಉರಿಸಬೇಡಿ. ಅದರ ವಿಷಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮನುಷ್ಯರ ರಕ್ತ ಹಿಡ್ಕೊಳ್ಳುತ್ತೆ. ಮಲಗಿದವರು ಏಳಲ್ಲ. ಹೆಣ ಒಂದೊಂದ್ಸಲ ಕೆಂಪಗೆ, ಜೀವ ಇರೋ ಹಾಗೇ ಕಾಣುತ್ತೆ." ಹುಳಕ್ಕೆ ಏನಾಗುತ್ತೆ ಎಂದು ಸುನಂದ ಕೇಳಿದಳು. ಹುಳಹುಪ್ಪಟೆಗೆ ನಮ್ಮ ಹಾಗೆ ಕೆಂಪು ರಕ್ತ ಇಲ್ಲವಲ್ಲ, ಅವು ತಡೆದುಕೊಳ್ಳುತ್ತವೆ ಎಂದರು ಮೇಡಂ. ಮುಳಬಾಗಿಲಿಗೆ ವಾಪಸು ಬರುವ ಬಸ್ಸಿನಲ್ಲಿ ಅವಳು ತನ್ನ ಬಲಗೈಯನ್ನು ಸೀರೆಯ ಮಡಿಕೆಯೊಳಗೆ ಮುಚ್ಚಿಟ್ಟುಕೊಂಡೇ ಕೂತಿದ್ದಳು.

ಯಾಕೆ ಆವತ್ತೇ ಹೇಳಲಿಲ್ಲ? ಹೆದರಿದಳು, ಅಷ್ಟೇ. ಒಲೆ ಸುನಂದಮ್ಮ ಕೊಂದಳು ಅಂತಾರೆ, ಸಂಘದವರ ಮಾತು ಕೇಳಿದ್ದಕ್ಕೇ ಹೀಗಾಯ್ತು ಅಂತ ಒಲೆಗಳನ್ನೆಲ್ಲ ಒಡೆದು ಹಾಕಿ ಹಳೇ ಹೊಗೆಗೇ ಹೋಗ್ತಾರೆ, ಎಂದುಕೊಂಡಳು. ಬೇಸಿಗೆ ಬಂತು, ಕುಂಪಟಿಗಳು ಅಟ್ಟ ಸೇರಿದವು. ಚಳಿಗಾಲಕ್ಕೆ ಇನ್ನೂ ಹೊತ್ತಿದೆ ಎಂದು ದಿನ ತಳ್ಳಿದಳು. ಆದರೆ ಖಾಲಿ ಮನೆಯಲ್ಲೂ ಹುಳ ಸೊಪ್ಪು ಮೇಯುವ ಸರಸರ ಸದ್ದು ಕೇಳುತ್ತಿತ್ತು. ಅನ್ನ ಬಸಿಯುವಾಗ ಬೆನ್ನ ಹಿಂದೆ ಯಾರೋ ಖುಷಿಯಾಗಿ, ಪೊಗ ಲೇದು, ಚಲಿ ಲೇದು. ತಿರುಗಿದರೆ ಯಾರೂ ಇಲ್ಲ. ಬರಿಗೈಯಲ್ಲಿ ಮಣ್ಣು ಮೆತ್ತುವುದನ್ನೇ ಬಿಟ್ಟು ಕರಣೆ ಹಿಡಿದಳು. ಕದಿರೇಶ ಕೇಳಿದರೆ, ಕೈ ಒಡೆಯುತ್ತೆ ಎಂದಳು.

ಮತ್ತೆ ಮಾರ್ಗಶಿರ ಬಂತು. ಗಂಗುಲಪ್ಪನ ಮಗ ಶಿವಕುಮಾರನಿಗೆ ಮದುವೆಯಾಗಿ ನಾಲ್ಕು ತಿಂಗಳು. ಸೊಸೆ ಮೇಘನ ಹೊಸದಾಗಿ ಹುಳ ಇಳಿಸಿದ್ದಾಳೆ, ಸಂಜೆಗೆ ಕುಂಪಟಿ ಹಚ್ಚುತ್ತಾಳೆ, ಜ್ವರದ ದಿನ ಅಲ್ಲೇ ಮಲಗುತ್ತಾಳೆ ಎಂದು ಕೇಳಿದಾಗ ಸುನಂದ ತುತ್ತು ಬಿಟ್ಟು ಎದ್ದಳು. ಮಟಮಟ ಮಧ್ಯಾಹ್ನ, ಕೈಯಲ್ಲಿ ಹಾರೆ.

ಹುಳದ ಮನೆಯ ಬಾಗಿಲು ತೆರೆದಿತ್ತು. ಗಂಗುಲಪ್ಪ ಸ್ಟೂಲು ಹತ್ತಿ, ಕಿಂಡಿಯ ಮಣ್ಣಿನಲ್ಲಿ ಮೂಡಿದ್ದ ಅಂಗೈ ಗುರುತಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದ. ಸುನಂದ ಇದನ್ನು ಸಾವಿನ ಹನ್ನೊಂದನೇ ದಿನದ ತಿಥಿಯಲ್ಲೂ ನೋಡಿದ್ದಳು, ಇನ್ನೂ ಏನೂ ಗೊತ್ತಿಲ್ಲದ ಆಗ, ಹೆಂಡತಿಯದೆಂದೇ ಅಂದುಕೊಳ್ಳಲಿ ಪಾಪ ಎಂದುಕೊಂಡಿದ್ದಳು.

"ಬಾ ಸುನಂದಾ" ಎಂದ ಗಂಗುಲಪ್ಪ ಕೆಳಗಿಳಿದು. "ನಿಮ್ಮಕ್ಕ ಸಾಯೋಕೆ ಮೂರು ದಿನ ಮುಂಚೆ ಮೆತ್ತಿದ್ದು. ಕೈ ಬಿಟ್ಟೋಗವ್ಳೆ ನೋಡು. ದಿನಾ ಇದಕ್ಕೆ ಹೇಳೇ ನಾನು ತೋಟಕ್ಕೆ ಹೋಗೋದು."

ಸೊಪ್ಪು ಹಾಕುತ್ತಿದ್ದ ಮೇಘನ ತಲೆಯೆತ್ತಿದಳು. "ಮಾವಾ, ಅತ್ತೆ ಕಿರುಬೆರಳು ಸೊಟ್ಟ ಇತ್ತಾ? ಇದ್ರಲ್ಲಿ ಸೊಟ್ಟಗೈತಲ್ಲ."

"ಇಲ್ವಲ್ಲಮ್ಮ. ಅವಳ ಬೆರಳು ನೇರ ಇದ್ವು." ಗಂಗುಲಪ್ಪ ನಕ್ಕ. "ಮಣ್ಣು ಒಣಗಿ ಹಂಗಾಗೈತೆ."

ಹೌದು ಎಂದರೆ ಮುಗಿದುಹೋಗುತ್ತಿತ್ತು. ಸುನಂದ ಹಾರೆಯನ್ನು ಗೋಡೆಗೆ ಒರಗಿಸಿ ಸ್ಟೂಲು ಹತ್ತಿದಳು. ಚಿಕ್ಕವಳಿದ್ದಾಗ ಒರಳಿಗೆ ಸಿಕ್ಕಿ ಸೊಟ್ಟಗಾದ ಕಿರುಬೆರಳಿನ ಬಲಗೈಯನ್ನು, ಹತ್ತು ತಿಂಗಳಿಂದ ಯಾವ ಗೋಡೆಗೂ ತಾಗಿಸದಿದ್ದ ಕೈಯನ್ನು, ಆ ಗುರುತಿನ ಮೇಲೆ ಇಟ್ಟಳು. ಐದು ಬೆರಳೂ ಸರಿಯಾಗಿ ಕೂತವು. ಅಂಗೈಗೆ ಹಸಿ ಕುಂಕುಮ ಹತ್ತಿತು.

"ಬಾವಾ, ಇದು ಅಕ್ಕಂದಲ್ಲ, ನಂದು. ಮುಚ್ಚೋಣ ಅಂದವಳೂ ನಾನೇ, ಮುಚ್ಚಿದವಳೂ ನಾನೇ. ಅಕ್ಕ ಎದೆ ನಿಂತು ಹೋಗಿಲ್ಲ. ಕೆಂಡದ ಗಾಳಿ ಹೊರಗೆ ಹೋಗೋಕೆ ದಾರಿ ಇಲ್ದೆ ಹೋಗಿದ್ದು. ನಂಗೆ ಶಿವರಾತ್ರಿ ಆದ್ಮೇಲಿಂದ ಗೊತ್ತು."

"ಹುಳ ಬದುಕಿತ್ತಲ್ಲ?" ಎಂದ ಗಂಗುಲಪ್ಪ, ಸಣ್ಣ ದನಿಯಲ್ಲಿ.

"ಹುಳಕ್ಕೆ ಆಗಲ್ಲ ಬಾವಾ. ನಮ್ಮ ರಕ್ತಕ್ಕೇ ಅದು."

"ಮುಖದಲ್ಲಿ ಕಳೆ ಇತ್ತಲ್ಲ?"

ಸುನಂದ ಅಳತೊಡಗಿದಳು. "ಅದೂ ಅದೇ."

ಮೇಘನಳ ಕೈಯಿಂದ ಸೊಪ್ಪು ಜಾರಿತು. ಗಂಗುಲಪ್ಪ ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಸುನಂದ ಕಾದಳು. ಅವನು ಹಾರೆಯನ್ನು ಎತ್ತಿಕೊಂಡ, ಸೊಸೆಯ ಮುಖವನ್ನೊಮ್ಮೆ ನೋಡಿದ, ಆಮೇಲೆ ಹಾರೆಯನ್ನು ಸುನಂದಳಿಗೇ ಕೊಟ್ಟ.

"ನೀನೇ ಮುಚ್ಚಿದ್ದು. ನೀನೇ ತೆಗಿ."

ಮೂರು ಏಟಿಗೆ ಗುರುತು ಒಡೆಯಿತು. ಬಿಸಿಲೂ ತಣ್ಣನೆಯ ಗಾಳಿಯೂ ಒಟ್ಟಿಗೆ ಒಳಗೆ ಬಂದವು. ಗಂಗುಲಪ್ಪ ಕುಕ್ಕರಗಾಲಲ್ಲಿ ಕೂತು, ಕುಂಕುಮ ಹತ್ತಿದ ಹೆಂಟೆಯೊಂದನ್ನು ಎತ್ತಿಕೊಂಡು ತಿರುಗಿಸಿ ನೋಡಿದ.

"ಹೋಗು, ಇನ್ನಾರು ಮನೇದೂ ಹೊತ್ತು ಮುಳುಗೋದ್ರೊಳಗೆ ತೆಗಿ" ಎಂದ. ಸುನಂದ ಬಾಗಿಲು ದಾಟುವಾಗ, ಆ ಹೆಂಟೆಯನ್ನೇ ನೋಡುತ್ತಾ ಅವನೆಂದ: "ಅವಳ್ದು ಅಂತ ನನ್ ಹತ್ರ ಇದ್ದಿದ್ದು ಇದೊಂದೇ ಕಣಮ್ಮಾ. ಅದೂ ನಿಂದೇ ಆಯ್ತು."